ಹಬೆಪೆಟ್ಟಿಗೆ ತೊಳೆದ ಕೆಂಪನಂಜ

ಹೊಳೆದಂಡೆಯ ಮಠದಲ್ಲಿ ಗುರು ಮುದ್ದಬಸವಯ್ಯನವರ ಮಂಡಿ ದಿನೇದಿನೇ ಬಿಗಿಯುತ್ತಿತ್ತು. ಒಂದು ಕಾಲಕ್ಕೆ ಮೊಸಳೆಯ ಬೆನ್ನ ಮೇಲೆ ನಿಂತು ಹೊಳೆ ದಾಟಿದ ಕಾಲುಗಳು ಅವು. ಸುಳ್ಳಲ್ಲ, ದಡದಲ್ಲಿ ನಾನೇ ಇದ್ದೆ.

ಶಿಷ್ಯ ಕೆಂಪನಂಜ ಪಟ್ಟಣಕ್ಕೆ ಹೋದ. ಮುಚ್ಚಿಹೋದ ಚಿಕಿತ್ಸಾಲಯವೊಂದರಿಂದ ಹಳೆಯ ಹಬೆಪೆಟ್ಟಿಗೆ ಕೊಂಡು ತಂದ. ಮರದ್ದು. ಒಳಗೆ ಕೂತು ಕತ್ತು ಮಾತ್ರ ಹೊರಗಿಟ್ಟರೆ ಲಕ್ಕಿಸೊಪ್ಪಿನ ಹಬೆ ಕೀಲುಕೀಲನ್ನೂ ಸಡಿಲಿಸಬೇಕು. ಮೇಲೆ ಹಾರೋ ಕೊಕ್ಕರೆಯೂ ಬೆವರಿ ಕೆಳಗಿಳಿಯಬೇಕು, ಅಂಥ ಪೆಟ್ಟಿಗೆ!

"ಕೂರಲೇನಯ್ಯಾ?" ಗುರು ಕೇಳಿದರು.

ಕೆಂಪನಂಜ ಒಳಗೆ ಮೂಗಿಟ್ಟ. "ಬೇಡಿ ಬುದ್ಧಿ. ಯಾರ್ಯಾರದೋ ಬೆವರು ನಾರ್ತಾ ಇದೆ. ತೊಳೀತೀನಿ."

ಆ ವಾಸನೆಯೋ, ಆಚೆ ದಡದ ಎಮ್ಮೆಗಳೂ ಮೂತಿ ತಿರುಗಿಸುತ್ತಿದ್ದವು. ಅವನು ಅಂಟುವಾಳ ಹಾಕಿ ತಿಕ್ಕಿದ. ಬೂದಿ ಹಾಕಿ ತಿಕ್ಕಿದ. ಬಿಸಿಲಿಗಿಟ್ಟ.

ಗುರು ಗೋಡೆ ಹಿಡಿದು ಬಂದರು. "ಇವತ್ತು?"

"ಇನ್ನೂ ಇದೆ ಬುದ್ಧಿ. ನಿಮ್ಮಂಥವರು ಕೂರೋ ಜಾಗ."

"ನಾನೂ ಬೆವರೋನೇ ಕಣಯ್ಯಾ."

"ಅಯ್ಯೋ, ನಿಮ್ಮ ಬೆವರೂ ಅವರ ಬೆವರೂ ಒಂದೇನಾ?"

ಗುರು ನಕ್ಕರು. ನಗು ಅರ್ಧಕ್ಕೇ ನಿಂತಿತು, ಮಂಡಿ ಹಿಡಿದುಕೊಂಡರು.

ಇನ್ನೊಂದು ದಿನ ಕೋಲೂರಿಕೊಂಡು ಬಂದರು. "ನಂಜಾ, ನನ್ನ ಮಂಡಿ ಇನ್ನು ಕಾಯೋದಿಲ್ಲ ಅಂತಿದೆ."

"ಮೂಲೇಲೊಂದು ಚೂರು ಉಳಿದಿದೆ ಬುದ್ಧಿ. ನಾಳೆ."

ಆಮೇಲೆ ಗುರು ಬರಲಿಲ್ಲ. ಕೆಂಪನಂಜ ಅದನ್ನು ಗಮನಿಸಲೂ ಇಲ್ಲ. ಅವನ ತಲೆ ಪೆಟ್ಟಿಗೆಯೊಳಗಿತ್ತು.

ಕೊನೆಗೊಂದು ಬೆಳಿಗ್ಗೆ ಪೆಟ್ಟಿಗೆ ಬರೀ ಮರದ ವಾಸನೆ ಕೊಟ್ಟಿತು. ಕೆಂಪನಂಜ ನೀರು ಕಾಯಿಸಿದ, ಸೊಪ್ಪು ಹಾಕಿದ, ಓಡಿದ. ಚಾಪೆ ಹಿಡಿದಿದ್ದ ಗುರುವನ್ನು ಎತ್ತಿಕೊಂಡು ಬಂದ.

ಮಂಡಿ ಮಡಚಲಿಲ್ಲ.

ಕಾಲು ಹುಗಿದ ಗೂಟದ ಹಾಗೆ ಸೆಟೆದಿತ್ತು. ಪೆಟ್ಟಿಗೆಯ ಬಾಗಿಲು ಕಿರಿದು. ಅವನು ಒತ್ತಿದ. ಗುರು ಕೂಗಿಕೊಂಡರು. ಆ ಕೂಗಿಗೆ ನಾನು ಒಂದು ಮಾತೂ ಸೇರಿಸಲಾರೆ.

"ಹಬೆ ಬರ್ತಾ ಇದೆ ಬುದ್ಧಿ... ಇನ್ನೊಂದು ಸಲ, ಒಂದೇ ಸಲ ಮಡಚಿ ನೋಡಿ..." ಕೆಂಪನಂಜ ಆ ಕಾಲನ್ನೇ ತಬ್ಬಿಕೊಂಡು ಅತ್ತ.

ಗುರು ಕತ್ತು ಚಾಚಿ ಪೆಟ್ಟಿಗೆಯನ್ನು ಮೂಸಿದರು.

"ಚೊಕ್ಕಟವಾಗಿದೆ ಕಣಯ್ಯಾ. ಯಾರ ವಾಸನೆಯೂ ಇಲ್ಲ. ನನ್ನದೂ ಇಲ್ಲ."