ಗೋಮಾಳದ ಬಾನು

"ಕೇಳ್ರಪ್ಪೋ ಕೇಳಿ! ಗಾಳಿಕೋಟೆ ದೊರೆಗಳ ಅಪ್ಪಣೆ! ಇಂದಿನಿಂದ ಗೋಮಾಳದ ಮೇಲೆ ಯಾರೂ ಬಿದಿರ ಹಕ್ಕಿ ಹಾರಿಸಕೂಡದು. ಹುಣ್ಣಿಮೆ ದಿನ ಊರಿನ ಹಕ್ಕಿಗಳೆಲ್ಲ ಬೆಂಕಿಗೆ! ಬೇಡವೆನ್ನುವವರು ದೊರೆಗಳ ಸಾಕುತಾಯಿ ಲಿಂಗಾಜಮ್ಮನವರ ಮೂರು ಒಗಟು ಒಡೆಯಲಿ. ಒಡೆದವರು ಬೇಡಿದ್ದು ಕೊಡಲಾಗುವುದು. ತಪ್ಪಿದವರನ್ನು ಹೊತ್ತು ಮುಳುಗುವಾಗ ಹದ್ದಿನ ಬಂಡೆಯಿಂದ ಕೆಳಕ್ಕೆ ತಳ್ಳಲಾಗುವುದು!"

ಡಂಗುರದವನು ತಮಟೆ ಬಡಿಯುತ್ತ ಮುಂದಿನ ಬೀದಿಗೆ ಹೋದ.

ಆ ಹಕ್ಕಿಗಳ ವಿಚಾರ ಹೇಳದೆ ಮುಂದೆ ಹೋದರೆ ಕತೆ ಕುಂಟುತ್ತದೆ. ಬಿದಿರ ಸೀಳಿನ ಎಲುಬು, ರೇಷ್ಮೆಯ ರೆಕ್ಕೆ. ಕೊಳಲು ಊದಿದರೆ ಏಳುತ್ತಿತ್ತು, ಸ್ವರ ಬಾಗಿಸಿದರೆ ಬಾಗುತ್ತಿತ್ತು. ಸಂಜೆಬಿಸಿಲಲ್ಲಿ ಒಂದು ಮೇಲೇರಿತೆಂದರೆ ಮೇಯುವ ದನವೂ ಕತ್ತೆತ್ತುತ್ತಿತ್ತು. ಆದರೆ ಇಬ್ಬರು ಒಟ್ಟಿಗೆ ಊದಿದರೆ ಯಾರ ಮಾತು ಕೇಳಬೇಕೋ ತಿಳಿಯದೆ ಅದಕ್ಕೆ ಹುಚ್ಚು ಹಿಡಿಯುತ್ತಿತ್ತು. ಅದಕ್ಕೇ ಗೋಮಾಳದ ಬನ್ನಿಮರದಲ್ಲಿ ಒಂದು ಕೆಂಪು ದಾರ ತೂಗುತ್ತಿತ್ತು. ಅದನ್ನು ಮುಂಗೈಗೆ ಸುತ್ತಿಕೊಂಡವನದು ಸರದಿ. ಹೋದ ಸುಗ್ಗಿಯಲ್ಲಿ ಅರಮನೆಯ ಇಬ್ಬರು ದಾರದ ಗೊಡವೆಯಿಲ್ಲದೆ ಪಂಥ ಕಟ್ಟಿ ಊದಿದರು. ಹುಚ್ಚೆದ್ದ ಹಕ್ಕಿ ಬಡಿದು, ಕೆರೆಯ ಕಡೆಯಿಂದ ಬರುತ್ತಿದ್ದ ಲಿಂಗಾಜಮ್ಮನ ಬಲಗಣ್ಣು ಹೋಯಿತು.

ಒಗಟಿಗೆ ಮೂವರು ಬಂದರು. ಕುದುರೆಯೇರಿ ಬಂದವನು ಮಂತ್ರಿಯ ಅಳಿಯ ವೀರರಾಜ. ಪಲ್ಲಕ್ಕಿಯಲ್ಲಿ ಬಂದವನು ರೇಷ್ಮೆ ವ್ಯಾಪಾರದ ಪದ್ಮಣ್ಣಶೆಟ್ಟಿ. ನಡೆದು ಬಂದವನು ಬುಟ್ಟಿ ಹೆಣೆಯುವ ಮೇದರ ಜವರ. ಅವನ ಕಂಕುಳಲ್ಲಿ ಎರಡು ಮಳೆಗಾಲ ಕೂತು ಕಟ್ಟಿದ ಹಕ್ಕಿಯಿತ್ತು. ಅದು ಬೆಂಕಿಗೆ ಬೀಳುವುದನ್ನು ಅವನು ನೋಡಲಾರ.

ಬನ್ನಿಮರದ ಬುಡದಲ್ಲಿ ಮುದುಕಿ, ಪಕ್ಕದಲ್ಲಿ ದೊರೆ.

"ಹಕ್ಕಿ ಏಳುವ ಮೊದಲೇ ಒಂದು ಹಾರಿ ಗೋಮಾಳವೆಲ್ಲ ಸುತ್ತಿ ಬರಬೇಕು" ಎಂದಳು ಲಿಂಗಾಜಮ್ಮ. "ರೆಕ್ಕೆಯಿಲ್ಲ, ಎಲುಬಿಲ್ಲ. ಅದು ಹಾರದೆ ಹಕ್ಕಿ ಹಾರಬಾರದು. ಏನು?"

ವೀರರಾಜ ನಕ್ಕ. "ಗಾಳಿ! ಇದೂ ಒಂದು ಒಗಟಾ ಅಜ್ಜಿ?"

"ಅವತ್ತೂ ಗಾಳಿ ಬೀಸ್ತಿತ್ತು ಮಗಾ. ನನ್ನ ಕಣ್ಣು ಉಳೀತಾ?"

ಭಟರು ಅವನ ರಟ್ಟೆ ಹಿಡಿದರು. ನಗು ಅಲ್ಲೇ ಇಂಗಿತು.

ಜವರ ಕೈಮುಗಿದ. "ಕೂಗು, ಅವ್ವಾ. 'ಹಕ್ಕಿ ಬಂತೋ' ಅಂತ ಮೊದ್ಲು ಕೂಗು ಹೋಗ್ಬೇಕು. ಬೆರಣಿ ತಟ್ಟೋಳು, ದನ ಕಾಯೋನು ಎಲ್ರೂ ತಲೆ ಎತ್ತಿದ ಮೇಲೆ ಹಕ್ಕಿ."

"ನಂದೂ ಅದೇ ಉತ್ತರ!" ಎಂದ ಪದ್ಮಣ್ಣಶೆಟ್ಟಿ ಆತುರವಾಗಿ.

"ಹಾಗಾ ಶೆಟ್ಟರೆ? ಎರಡನೇದಕ್ಕೆ ನೀವೇ ಮೊದಲು ಬಾಯಿ ಬಿಡಿ. ಕವಡೆ ಬೆಲೆಯಿಲ್ಲ, ಕಿರೀಟಕ್ಕಿಂತ ದೊಡ್ಡದು. ಅದು ಕೂಲಿಯವನ ಕೈಲಿದ್ದರೆ ಅರಸನೂ ಕೂತು ಕಾಯಬೇಕು. ಏನದು?"

ಶೆಟ್ಟಿ ಬೆವರೊರೆಸಿಕೊಂಡ. "ಅರಸನೂ ಕಾಯೋದು ಅಂದ್ರೆ... ಮುದ್ರೆಯುಂಗುರ!"

ಅವನನ್ನೂ ಹಿಡಿದು ವೀರರಾಜನ ಪಕ್ಕ ನಿಲ್ಲಿಸಿದರು. ಜವರ ಮರದಿಂದ ಕೆಂಪು ದಾರ ಬಿಚ್ಚಿ ತಂದು ಅಂಗೈಯಲ್ಲಿ ಹಿಡಿದ.

ದೊರೆಯ ಹುಬ್ಬು ಗಂಟಿಕ್ಕಿತು. "ಇದು ನಿನ್ನ ಕೈಲಿದ್ರೆ ನಾನೂ ಕಾಯಬೇಕೇನೋ?"

"ಹೂಂ ಬುದ್ಧಿ. ತಾವೂ ಕಾಯ್ಬೇಕು."

ಮುದುಕಿಯ ತುಟಿಯಂಚು ಒಂದಿಷ್ಟು ಅಲುಗಿತು. "ಮೂರನೇದು. ಕೈಲಿದ್ದಾಗ ಹೊನ್ನು, ಬಾನಲ್ಲಿದ್ದಾಗ ಹೆತ್ತ ಮಗು. ಅದು ಒಲೆಗಿಡೋ ಪುಳ್ಳೆ ಆಗೋದು ಯಾವ ಗಳಿಗೇಲಿ?"

ಜವರ ಹಕ್ಕಿಯನ್ನು ನೋಡಿದ. ಇದು ಪುಳ್ಳೆಯೇ? ಹದ್ದಿನ ಬಂಡೆಯ ನೆರಳು ಗೋಮಾಳಕ್ಕೆ ಚಾಚುತ್ತಿತ್ತು.

"ತಿಳೀಲಿಲ್ಲವ್ವಾ. ಸಾಯೋದಕ್ಕೆ ಮುಂಚೆ ಒಂದ್ಸಲ ಹಾರಿಸ್ಕೋತೀನಿ. ಹಾರ್ತಾ ಹಾರ್ತಾ ಹೊಳೆದ್ರೆ ಹೇಳ್ತೀನಿ."

ದೊರೆ ಆಗಲೆಂದು ತಲೆಯಾಡಿಸಿದ. ಜವರ ದಾರ ಸುತ್ತಿಕೊಂಡ. ಹಿಡಿ ಮಣ್ಣು ತೂರಿ ಗಾಳಿ ನೋಡಿದ. "ಹೋ... ಹಕ್ಕಿ ಬಂತೋ!" ಎಂದು ಕೂಗಿದ. ಎಲ್ಲರೂ ಸರಿದ ಮೇಲೆ ಕೊಳಲಿಗೆ ತುಟಿಯಿಟ್ಟ.

ಹಕ್ಕಿ ಎದ್ದಿತು. ನೆಲ ಅದನ್ನು ಬಿಡಲೊಲ್ಲದೆ ಬಿಟ್ಟ ಹಾಗೆ ಮೆಲ್ಲಗೆ, ಆಮೇಲೆ ಬಾನೇ ಎಳೆದುಕೊಂಡ ಹಾಗೆ. ಮುಳುಗುವ ಸೂರ್ಯ ರೇಷ್ಮೆಯೊಳಗೆ ಹಾದು ಗೋಮಾಳದ ಮೇಲೆಲ್ಲ ಕೆಂಪು ಚೆಲ್ಲಿದ. ಭಟರು ಈಟಿ ಮರೆತರು. ಸೆರೆಯಾದ ವೀರರಾಜ ಕೂಡ ಬಾಯ್ತೆರೆದು ನಿಂತ. ನಿಜವಾದ ಹದ್ದೊಂದು ಬಂದು ಒಂದು ಸುತ್ತು ಜೊತೆಗೆ ಹಾರಿತು. ಜವರ ಸಾವನ್ನೂ ಒಗಟನ್ನೂ ಮರೆತ.

ಇಳಿಸುವ ಹೊತ್ತು. ಹಕ್ಕಿ ಬಾಣದಂತೆ ನೆಲದತ್ತ ಬರುತ್ತಿದೆ. ಅಷ್ಟರಲ್ಲಿ ಮುದುಕಿ ಮರದ ಬುಡದಿಂದೆದ್ದು ಸೀದಾ ಅದರ ಹಾದಿಗೆ ನಡೆದಳು. ಜವರ ಕಿರುಚಿದ. ಅವಳು ನಿಲ್ಲಲಿಲ್ಲ. ಎಡಕ್ಕೆ ತಿರುಗಿಸಿದರೆ ಜನ, ಬಲಕ್ಕೆ ದನ. ಮೇಲೆತ್ತಿದರೆ ಹಕ್ಕಿ ಉಳಿದರೂ ಉಳಿಯಬಹುದು, ಅವಳ ತಲೆ ದಾಟಿದರೂ ದಾಟಬಹುದು.

ಅವನು ಕೆಳಸ್ವರಕ್ಕೆ ಉಸಿರೆಲ್ಲ ಊದಿದ.

ಹಕ್ಕಿ ಮೂತಿ ತಿರುವಿ ಮುದುಕಿಯ ಮುಂದೆಯೇ ನೆಲಕ್ಕೆ ಬಡಿದು ಚೂರಾಯಿತು. ರೇಷ್ಮೆಯ ಹರಕೊಂದು ತೇಲಿ ಬಂದು ಅವಳ ಪಾದದ ಮೇಲೆ ಕೂತಿತು.

ಜವರ ಓಡಿ ಬಂದು ಅವಳ ಮುಂದೆ ಕುಸಿದ. "ಈ ಗಳಿಗೇಲಿ ಅವ್ವಾ" ಎಂದ. "ಕೆಳಗೆ ಒಂದು ಜೀವ ಬಂದ ಗಳಿಗೇಲಿ."

ಲಿಂಗಾಜಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು. "ಅವತ್ತು ಅವರು ಹಕ್ಕಿ ಉಳಿಸೋಕೆ ಮೇಲಕ್ಕೆತ್ತಿದರು. ಕೆಳಗೆ ಕೆಡವಿದ್ದರೆ ನನ್ನ ಕಣ್ಣು ಉಳೀತಿತ್ತು."

ದೊರೆ ಓಡಿ ಬಂದ. "ಅವ್ವಾ, ಬೇಕಂತಲೇ ಹೋದಿರಾ?"

"ಅವನು ತಲೆ ಪಣ ಇಟ್ಟಿದ್ದನಲ್ಲ. ನಾನು ಉಳಿದ ಕಣ್ಣು ಇಟ್ಟೆ."

ಬೇಡು ಎಂದಾಗ ಜವರ ಇಬ್ಬರು ಸೆರೆಯಾಳುಗಳ ಜೀವ ಬೇಡಿದ, ಊರ ಹಕ್ಕಿಗಳನ್ನು ಬೇಡಿದ. ತನಗೇನೂ ಕೇಳಲಿಲ್ಲ. ದೊರೆ ಎರಡನ್ನೂ ಕೊಟ್ಟು, ಊರಿಗೊಬ್ಬ ಗೌಡನಿರುವ ಹಾಗೆ ಜವರನನ್ನು ಗೋಮಾಳದ ಬಾನಿಗೆ ಗೌಡನನ್ನಾಗಿ ಮಾಡಿದ. ಲಿಂಗಾಜಮ್ಮ ಹೊಸ ರೆಕ್ಕೆಗೆಂದು ತನ್ನ ಮದುವೆ ಸೀರೆಯ ಸೆರಗು ಹರಿದುಕೊಟ್ಟಳು.

ಒಂದು ಸಂಜೆ ದೊರೆಯೇ ಹಕ್ಕಿ ಹಿಡಿದು ಬಂದ. ಬನ್ನಿಮರದಲ್ಲಿ ದಾರವಿರಲಿಲ್ಲ. ಅದು ಬೆರಣಿ ತಟ್ಟುವ ಹೆಂಗಸೊಬ್ಬಳ ಮುಂಗೈಯಲ್ಲಿತ್ತು. ದೊರೆ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಬುಡದಲ್ಲಿ ಕೂತ, ಮೇಲೆ ನೋಡುತ್ತ. ಈಗಲೂ ಕಾಯುತ್ತಿದ್ದರೂ ಕಾಯುತ್ತಿರಬಹುದು. ಅವನ ಸರದಿ ಬಂದಾಗ ಮೊದಲು ಕೂಗು ಕೇಳಿಸುತ್ತದೆ; ಆಗ ನೀವೂ ತಲೆಯೆತ್ತಿ.