ಬೇಗ ಮಾಯ್ದ ಗಾಯ

ಪ್ರಯೋಗಾಲಯದ ಬಿಳಿ ಇಲಿಯ ಬೆನ್ನಿನ ಮೇಲೆ ಅಂಗಿಯ ಗುಂಡಿಯಷ್ಟು ಅಗಲದ ಗಾಯವಿತ್ತು. ಸಂಶೋಧಕಿ ಜಲಜಾಕ್ಷಿ ತಾನೇ ಮಾಡಿದ ಗಾಯ ಅದು. ಅದರ ಮೇಲೆ ಅವಳು ದಿನವೂ ಹೊಸ ಚರ್ಮ ಬೆಳೆಸುವ ತಾಮ್ರದ ಪೆಪ್ಟೈಡ್ ಎಂಬ ವಸ್ತು ಬೆರೆಸಿದ ನೀಲಿ ಮದ್ದಿನ ಒಂದು ಹನಿ ಬಿಡುತ್ತಿದ್ದಳು.

"ಇನ್ನೆರಡೇ ದಿನ," ಎಂದಿತು ಸೀಸೆಯೊಳಗಿನ ಮದ್ದು, ಹೆಮ್ಮೆಯಿಂದ. "ಚರ್ಮವನ್ನು ಅಂಚಿನಿಂದ ಅಂಚಿಗೆ ಕೂಡಿಸಿಬಿಡುತ್ತೇನೆ."

"ನಿಧಾನವಾಗಿ ಕೂಡಿಸಯ್ಯಾ," ಎಂದಿತು ಇಲಿ.

"ವಾಸಿಯಾಗುವುದು ಬೇಡವೇ ನಿನಗೆ?"

"ಪಕ್ಕದ ಪಂಜರದವನಿಗೂ ನೀನೇ ಮದ್ದು. ಅವನ ಗಾಯ ಮೊನ್ನೆ ಮಾಯಿತು. ಹೊಸ ಚರ್ಮ ಒಳಗೆ ಹೇಗೆ ಬೆಳೆದಿದೆ ಎಂದು ಕೊಯ್ದು ನೋಡಲು ಅವನನ್ನು ಒಯ್ದರು. ಅವನು ತಿರುಗಿ ಬರಲಿಲ್ಲ."

"ಹಾಗಾದರೆ ನಾಳೆಯಿಂದ ನಾನು ಸುಮ್ಮನಿದ್ದುಬಿಡುತ್ತೇನೆ," ಎಂದಿತು ಮದ್ದು.

ಆದರೆ ಮರುದಿನ ಅದು ಹನಿಯಾಗಿ ಬಿದ್ದಾಗ ಅಡಿಯಲ್ಲಿ ಹಸಿ ಮಾಂಸ ಉರಿಯುತ್ತಿತ್ತು. ತಾಮ್ರಕ್ಕೆ ಸುಮ್ಮನಿರಲು ಬರಲಿಲ್ಲ.

ಎರಡು ದಿನ ಕಳೆದ ಮೇಲೆ ಜಲಜಾಕ್ಷಿ ಇಲಿಯ ಬೆನ್ನು ಸವರಿ, "ಎಷ್ಟು ಚೆನ್ನಾಗಿ ಮಾಯ್ದಿದೆ ನೋಡೋ ಪುಟ್ಟಾ," ಎಂದಳು. ಆಮೇಲೆ ಅವಳು ಅದರ ಮುಖ ನೋಡಲಿಲ್ಲ. ಸುಮ್ಮನೆ ಅಂಗೈಯಲ್ಲಿ ಎತ್ತಿಕೊಂಡಳು.

"ನನ್ನನ್ನು ಕ್ಷಮಿಸು," ಎಂದಿತು ಮದ್ದು.

"ಬೇಸರ ಮಾಡಿಕೊಳ್ಳಬೇಡಯ್ಯಾ," ಎಂದಿತು ಇಲಿ. "ನಿನ್ನೆ ನೋವಿಲ್ಲದೆ ಬೆನ್ನು ಬಾಗಿಸಿ, ಸುರುಳಿ ಸುತ್ತಿಕೊಂಡು ಮಲಗಿದ್ದೆ. ಹಾಗೆ ಮಲಗಿ ಎಷ್ಟು ದಿನವಾಗಿತ್ತು!"