ಮರಿಸ್ವಾಮಿ ಸಿನಿಮಾ ತಂಡಕ್ಕೆ ಸೇರಿದ್ದು

ಮರಿಸ್ವಾಮಿ ಅಂತ ಒಬ್ಬ ಇದ್ದ ಕಣ್ರಪ್ಪಾ. ಕಾಲೇಜಿಗೆ ಹೋಗುವಾಗಲೂ ಒಬ್ಬನೇ, ಬರುವಾಗಲೂ ಒಬ್ಬನೇ. ತಾಯಿ ಪುಟ್ಟತಾಯಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

"ಅಯ್ಯೋ ನನ್ನ ಪೆದ್ದೇ! ನಿನಗೊಬ್ಬ ಜೊತೆಗಾರ ಬೇಡವೇನೋ? ಯಾರು ಏನು ಹೇಳಿದ್ರೂ ಹೇಳಿದ ಹಾಗೇ ಮಾಡು. ಸೇರಿಸ್ಕೋತಾರೆ!"

ಆ ವರ್ಷ ನಸೀಮಾ ಅನ್ನೋ ಸಹಪಾಠಿ ಗೆಳೆಯರನ್ನು ಕೂಡಿಸಿಕೊಂಡು ಕಿರುಚಿತ್ರ ಮಾಡಲು ಹೊರಟಳು. ಮರಿಸ್ವಾಮಿ ಹೋಗಿ ಅವರು ಸೇರುತ್ತಿದ್ದ ಮಹಡಿ ಕೋಣೆಯ ಬಾಗಿಲಲ್ಲಿ ನಿಂತ.

"ಬಂದ್ಯಾ? ಕೆರೆ ಏರಿ ಮೇಲೆ ಶೂಟಿಂಗು. ಮೊದಲು ಹೋಗಿ ಜಾಗ ನೋಡ್ಕೊಂಡು ಬಾ."

ಹೋದ. ನೋಡಿದ. ಬಂದ.

"ಬಿಸಿಲು ಯಾವ ಕಡೆಯಿಂದ ಬೀಳುತ್ತೋ? ನೆರಳು ಎಲ್ಲಿದೆ?"

"ಅದನ್ನ ನೀನು ಹೇಳಿರ್ಲಿಲ್ಲ. ಜಾಗ ನೋಡ್ದೆ!"

"ಥೂ ನಿನ್ನ! ಇನ್ಮೇಲೆ ಏನಕ್ಕೆ ಕಳಿಸಿದ್ರೂ ಫೋಟೋ ತೆಗೆದುಕೊಂಡು ಬಾ!"

"ಆಗ್ಲಿ!"

ಮಾರನೇ ದಿನ ಎಲ್ಲರೂ ಕೂತು ಒಂದೊಂದು ದೃಶ್ಯವನ್ನೂ ಕಾಗದದ ಮೇಲೆ ಬಿಡಿಸುತ್ತಿದ್ದರು. "ಟೀ ತಗೊಂಡು ಬಾರೋ," ಅಂದರು. ಮರಿಸ್ವಾಮಿ ಟೀ ಅಂಗಡಿಗೆ ಓಡಿದ, ಫೋಟೋ ತಂದ.

"ನೊರೆ ಎಷ್ಟು ಚೆನ್ನಾಗಿ ಬಂದಿದೆ ನೋಡಿ!"

"ಟೀ ಎಲ್ಲೋ?"

"ಅಂಗಡೀಲಿ!"

"ಅಯ್ಯೋ ಬೆಪ್ಪೇ! ಆರದ ಹಾಗೆ ಗಟ್ಟಿಯಾಗಿ ಮುಚ್ಚಿ, ಕೈಯಲ್ಲಿ ಹಿಡ್ಕೊಂಡು ತರಬೇಕು ಕಣೋ!"

"ಆಗ್ಲಿ!"

ಅಜ್ಜನ ಪಾತ್ರಕ್ಕೆ ಕೊಡೆ ರಿಪೇರಿ ಮಾಡೋ ಈರಯ್ಯನನ್ನು ಒಪ್ಪಿಸಿದ್ದರು. ಕರೆತರಲು ಮರಿಸ್ವಾಮಿ ಹೋದ. ಅಜ್ಜನನ್ನು ತಲೆಯಿಂದ ಕಾಲತನಕ ಕಂಬಳಿಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡೇ ಬಂದ.

"ಆರಿಲ್ಲ! ಬಿಸಿಯಾಗೇ ಇದ್ದಾರೆ!"

ಈರಯ್ಯ ಬೆವರು ಒರೆಸಿಕೊಂಡ, ಬಾಯಿಗೆ ಬಂದಂತೆ ಬೈದ, ಹೊರಟೇಹೋದ. ನಸೀಮಾಗೆ ಅಳುವುದೊಂದೇ ಬಾಕಿ.

"ಯಾರನ್ನೇ ಆಗಲಿ ಪಕ್ಕ ಕೂರಿಸ್ಕೊಂಡು, ಊಟ ಆಯ್ತಾ ಅಂತ ಕೇಳ್ಬೇಕು ಕಣೋ! ಹಸಿದಿದ್ರೆ ಉಣ್ಣೋಕೆ ಕೊಡ್ಬೇಕು!"

"ಆಗ್ಲಿ! ನಾನೂ ಬರ್ಲಾ?"

"ಬೇಡ! ನಾವೇ ಹೋಗಿ ಅಜ್ಜನ್ನ ಸಮಾಧಾನ ಮಾಡ್ತೀವಿ. ನಾಳೆಯೇ ಶೂಟಿಂಗು. ನೀನು ಇಲ್ಲೇ ಇದ್ದು ಕ್ಯಾಮೆರಾ ನೋಡ್ಕೋ."

ಎಲ್ಲರೂ ಹೋದರು. ಮೆಟ್ಟಿಲ ಮೇಲೆ ಅವರ ನಗು ಕೇಳಿಸಿತು, ಆಮೇಲೆ ಅದೂ ಇಲ್ಲ. ಮರಿಸ್ವಾಮಿ ಕ್ಯಾಮೆರಾವನ್ನು ಕುರ್ಚಿಯ ಮೇಲೆ ಕೂರಿಸಿ, ತಾನೂ ಪಕ್ಕ ಕೂತ.

"ಊಟ ಆಯ್ತಾ?"

ಅದು ಅವನನ್ನೇ ನೋಡುತ್ತಿತ್ತು. ಅಷ್ಟು ಹೊತ್ತು ಅವನನ್ನು ಯಾರೂ ನೋಡಿದ್ದಿಲ್ಲ.

"ನಂದೂ ಆಗಿಲ್ಲ. ದಿನಾ ಒಬ್ನೇ ಉಣ್ಣೋದು. ರುಚೀನೇ ಗೊತ್ತಾಗಲ್ಲ." ಡಬ್ಬಿ ಬಿಚ್ಚಿದ. ಮೊಸರನ್ನ. "ಇವತ್ತು ನೀನಿದ್ದೀಯಲ್ಲ!"

ಸಂಜೆ ಅವರು ಬಂದು ಬಾಗಿಲು ತಳ್ಳಿದರೆ, ಕ್ಯಾಮೆರಾದ ಕಣ್ಣಿನಿಂದ ಮೊಸರು ತೊಟ್ಟಿಕ್ಕುತ್ತಿತ್ತು. ಮರಿಸ್ವಾಮಿ ತುಟಿಯ ಮೇಲೆ ಬೆರಳಿಟ್ಟ.

"ಶ್! ಮೆಲ್ಲಗೆ ಬನ್ನಿ! ಬಲು ನಾಚಿಕೆ ಇದಕ್ಕೆ. ಈಗಷ್ಟೇ ಎರಡು ತುತ್ತು ಉಂಡಿದೆ!"